ಒಂದೂ ತೊಲೆಯಿಲ್ಲದ ಚರ್ಚ್

ನಮ್ಮಪ್ಪ ಗಾರೆ ಮೇಸ್ತ್ರಿ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ನಮ್ಮ ಮನೆ. ಊರಲ್ಲಿ ಯಾರಾದರೂ ಸ್ವಲ್ಪ ಅನುಕೂಲಸ್ಥರು ಮನೆ ಕಟ್ಟಿಸುವಾಗ ಅಪ್ಪನನ್ನು ಕರೆದು, "ಮೇಲೆ ಮದ್ರಾಸ್ ತಾರಸಿನೇ ಹಾಕಿಬಿಡಿ" ಅನ್ನುತ್ತಿದ್ದರು. ತೇಗದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ ಓರೆಯಾಗಿ ಜೋಡಿಸಿ, ಸುಣ್ಣದ ಗಾರೆ ಹಾಕಿ ಬಡಿಯುವ ಚಾವಣಿ ಅದು. ಬೆಳಿಗ್ಗೆಯಿಂದ ಸಂಜೆವರೆಗೆ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ಬಡಿಯುತ್ತಿದ್ದರು. ಅಪ್ಪ ನೂರಾರು ಮದ್ರಾಸ್ ತಾರಸಿ ಹಾಕಿದರು. ಮದ್ರಾಸನ್ನು ಮಾತ್ರ ನೋಡಲಿಲ್ಲ.

ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ಕಟ್ಟಡಗಳ ನಕ್ಷೆ ಬರೆದೆ. ಹೋದ ವರ್ಷ ಮಗಳ ಎರಡನೇ ಬಾಣಂತನಕ್ಕೆ ಅಂತ ಚೆನ್ನೈಗೆ ಹೋಗಿ ಮೂರು ತಿಂಗಳು ಉಳಿದೆ. ಕೂಸು ಮಲಗಿದ ಹೊತ್ತಲ್ಲಿ ದೊಡ್ಡ ಮೊಮ್ಮಗನಿಗೆ ಮನೆಯೊಳಗೆ ಸದ್ದು ಮಾಡುವ ಹಾಗಿಲ್ಲ. ಒಂಬತ್ತು ವರ್ಷದ ಹುಡುಗ, ಎಷ್ಟು ಹೊತ್ತು ಅಂತ ಪಿಸುಗುಟ್ಟುತ್ತಾನೆ? ಹಾಗಾಗಿ ನಾವಿಬ್ಬರೂ ಹೊರಗೆ ಸುತ್ತುವುದಕ್ಕೆ ಶುರು ಮಾಡಿದೆವು. ಒಂದು ಬೆಳಿಗ್ಗೆ ಸೇಂಟ್ ಜಾರ್ಜ್ ಕೋಟೆಗೆ ಹೋದೆವು.

ಕೋಟೆ ಅಂದರೆ ಈಗ ತಮಿಳುನಾಡಿನ ವಿಧಾನಸಭೆ, ಸಚಿವಾಲಯ ಎಲ್ಲ ಅಲ್ಲೇ. ಸೈನ್ಯದವರೂ ಇದ್ದಾರೆ. ಬಾಗಿಲಲ್ಲಿ ಚೀಲ ತೋರಿಸಬೇಕು, ಗುರುತಿನ ಚೀಟಿ ತೋರಿಸಬೇಕು. ಫೈಲು ಹಿಡಿದು ಓಡುವ ಜನ, ಬಿಳಿ ಕಾರುಗಳು, ಬಿಸಿಲು. ಅದರ ಮಧ್ಯೆ ಮರಗಳ ನೆರಳಲ್ಲಿ ಬಿಳೀ ಚರ್ಚ್ ಒಂದು ತನ್ನ ಪಾಡಿಗೆ ನಿಂತಿದೆ. ಸೇಂಟ್ ಮೇರಿ ಚರ್ಚ್. ಏಷ್ಯಾದಲ್ಲಿ ಇಂಗ್ಲಿಷರು ಕಟ್ಟಿದ ಆಂಗ್ಲಿಕನ್ ಚರ್ಚುಗಳಲ್ಲಿ ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯದು ಇದೇ. ಆಂಗ್ಲಿಕನ್ ಅಂದರೆ ಇಂಗ್ಲೆಂಡಿನ ರಾಜನನ್ನೇ ಮುಖ್ಯಸ್ಥನನ್ನಾಗಿ ಒಪ್ಪಿದ ಸಭೆ. ರೋಮಿನ ಪೋಪ್‌ಗೆ ಸೇರಿದ್ದಲ್ಲ.

ಚಪ್ಪಲಿ ಬಿಡಬೇಕಾ ಅಂತ ಮೊಮ್ಮಗ ಕೇಳಿದ. ಬೇಡವಂತೆ. ಆದರೂ ಬಿಟ್ಟೆವು. ಒಳಗೆ ಕಾಲಿಟ್ಟ ಕೂಡಲೇ ಅಭ್ಯಾಸಬಲದಿಂದ ನಾನು ತಲೆ ಎತ್ತಿದೆ. ಎಲ್ಲಿಗೆ ಹೋದರೂ ನಾನು ಮೊದಲು ನೋಡುವುದು ಚಾವಣಿ. ಅಪ್ಪನಿಂದ ಬಂದದ್ದು ಇದು. ತೊಲೆ ಎಷ್ಟು ದಪ್ಪ, ಗೋಡೆಯೊಳಗೆ ಎಷ್ಟು ಕೂತಿದೆ, ಎಲ್ಲಿ ನೀರು ಇಳಿದ ಕಲೆ ಇದೆ, ಇಷ್ಟು ನೋಡದೆ ನನಗೆ ಬೇರೆ ಏನೂ ಕಾಣುವುದಿಲ್ಲ.

ಇಲ್ಲಿ ತೊಲೆ ಇಲ್ಲ. ಒಂದೂ ಇಲ್ಲ. ಜಂತೆ ಇಲ್ಲ, ಮರದ ಒಂದು ತುಂಡೂ ಚಾವಣಿಯಲ್ಲಿಲ್ಲ. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿ ಹಾಕಿದ ಹಾಗೆ ಮೂರು ಕಮಾನು ಚಾವಣಿಗಳು ಅಕ್ಕಪಕ್ಕ. ನಡುವೆ ಒಂದು, ಎರಡು ಪಕ್ಕದಲ್ಲಿ ಒಂದೊಂದು. ಎಲ್ಲವೂ ಇಟ್ಟಿಗೆ ಮತ್ತು ಗಾರೆ. ಇಟ್ಟಿಗೆಯ ದಪ್ಪವೇ 2 ಅಡಿ. ಮದ್ರಾಸ್ ತಾರಸಿಯ ಊರಿನಲ್ಲಿ ಇಂಗ್ಲಿಷರ ಈ ಮೊದಲ ಚರ್ಚಿಗೆ ಮದ್ರಾಸ್ ತಾರಸಿಯೇ ಇಲ್ಲ! ಅಪ್ಪ ಇದ್ದಿದ್ದರೆ ಅಲ್ಲೇ ಒಂದು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು.

ಇಂಥ ಚಾವಣಿಗೆ ಒಂದು ತೊಂದರೆ ಇದೆ. ತೊಲೆ ಹಾಕಿದ ಚಾವಣಿಯ ಭಾರ ನೇರ ಕೆಳಕ್ಕೆ ಇಳಿಯುತ್ತದೆ. ಕಮಾನು ಹಾಗಲ್ಲ, ಅದು ಹೊರಕ್ಕೆ ತಳ್ಳುತ್ತದೆ. ಮೊಮ್ಮಗನಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸಿ, "ಸಾಕ್ಸ್ ಹಾಕ್ಕೊಂಡಿದೀಯಲ್ಲ, ಕಾಲು ಅಗಲಿಸಿ ನಿಂತ್ಕೋ" ಅಂದೆ. ನಿಂತ. ನುಣುಪು ನೆಲ. ಕಾಲು ಎರಡೂ ಕಡೆಗೆ ಜಾರುವುದಕ್ಕೆ ಶುರುವಾಯಿತು. "ಅಜ್ಜಿ, ಬೀಳ್ತೀನಿ!" ಅಂದ. ಒಂದು ಕಾಲಿಗೆ ನನ್ನ ಕಾಲು ಅಡ್ಡ ಕೊಟ್ಟೆ, ಇನ್ನೊಂದಕ್ಕೆ ಬೆಂಚಿನ ಕಾಲು. ನಿಂತುಬಿಟ್ಟ. ಅಷ್ಟೇ ವಿಷಯ. ನಡುವಿನ ಕಮಾನು ಹೊರಗೆ ತಳ್ಳಿದರೆ ಪಕ್ಕದ ಕಮಾನುಗಳು ಅದನ್ನು ಹಿಡಿಯುತ್ತವೆ. ಪಕ್ಕದವು ತಳ್ಳಿದರೆ ಹೊರಗೋಡೆ ಹಿಡಿಯುತ್ತದೆ. ಅದಕ್ಕೇ ಹೊರಗೋಡೆ 4 ಅಡಿ ದಪ್ಪ. ಒಳಗಿನ ಸಾಲುಗೋಡೆ, ಓಡಾಡಲು ಕಮಾನು ಬಿಟ್ಟಿದ್ದಾರಲ್ಲ, ಅದು 3 ಅಡಿ. ಕಟ್ಟಡ ಏನೂ ದೊಡ್ಡದಲ್ಲ. ಸುಮಾರು 80 ಅಡಿ ಉದ್ದ, 56 ಅಡಿ ಅಗಲ. ಅಷ್ಟು ಸಣ್ಣ ಕಟ್ಟಡಕ್ಕೆ 4 ಅಡಿ ಗೋಡೆ ಅಂದರೆ ನಕ್ಷೆಯಲ್ಲಿ ಬಿಳಿ ಜಾಗಕ್ಕಿಂತ ಕಪ್ಪು ಗೆರೆಯೇ ಕಣ್ಣಿಗೆ ಹೊಡೆಯುತ್ತದೆ. ಮೊಮ್ಮಗ ಕಿಟಕಿಯ ಗೂಡಿನಲ್ಲಿ ಗೋಡೆಯ ದಪ್ಪಕ್ಕೆ ಅಡ್ಡಲಾಗಿ ಮಲಗಿ ನೋಡಿದ. ತಲೆಯಿಂದ ಮೊಣಕಾಲು ದಾಟುವವರೆಗೂ ಗೋಡೆಯೇ.

ಪ್ರಾರ್ಥನೆ ಮಾಡುವ ಜಾಗಕ್ಕೆ ಇಷ್ಟು ದಪ್ಪದ ಗೋಡೆ ಯಾಕೆ? ಫಿರಂಗಿ ಗುಂಡಿನ ಹೆದರಿಕೆ. ಮೇಲಿಂದ ಗುಂಡು ಬಿದ್ದರೂ ಒಡೆಯಬಾರದು, ಒಳಗೆ ಬೆಂಕಿ ಹತ್ತುವಂಥದ್ದು ಏನೂ ಇರಬಾರದು. ಹಾಗಂತಲೇ ಮರವನ್ನು ದೂರ ಇಟ್ಟರು.

ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಇಂಗ್ಲಿಷರು ಈ ಮರಳು ದಂಡೆಗೆ ಬಂದದ್ದು 1639ರಲ್ಲಿ. ಸುಮಾರು ನಲವತ್ತು ವರ್ಷ ಕೋಟೆಯೊಳಗಿನ ಒಂದು ಊಟದ ಕೋಣೆಯಲ್ಲೇ ಅವರ ಪ್ರಾರ್ಥನೆ ನಡೆಯುತ್ತಿತ್ತು. ಹತ್ತಿರದ ಸ್ಯಾನ್ ಥೋಮೆಯನ್ನು ಫ್ರೆಂಚರು 1672ರಲ್ಲಿ ಹಿಡಿದರು. ಗೋಲ್ಕೊಂಡದವರೂ ಡಚ್ಚರೂ ಸೇರಿ ಮುತ್ತಿಗೆ ಹಾಕಿ 1674ರಲ್ಲಿ ಅವರನ್ನು ಓಡಿಸಿದರು. ಇದೆಲ್ಲ ನಡೆದದ್ದು ಕೋಟೆಯವರ ಕಣ್ಣೆದುರಿಗೆ. 1677ರಲ್ಲಿ ಶಿವಾಜಿಯ ಸೈನ್ಯ ಜಿಂಜಿಯ ಕಡೆ ಇಳಿಯಿತು. ಇಂಥ ಕಾಲದಲ್ಲಿ, 1678ರ ಮಾರ್ಚ್ 25ರಂದು, ಗವರ್ನರ್ ಸ್ಟ್ರೇನ್ಶಮ್ ಮಾಸ್ಟರ್ ಚರ್ಚಿಗೆ ಅಂತ ಚಂದಾ ಎತ್ತಲು ಶುರು ಮಾಡಿದ. ಮೇರಿಗೆ ದೇವದೂತ ಬಂದು ಮಗು ಹುಟ್ಟುವ ಸುದ್ದಿ ಹೇಳಿದ ದಿನ ಅಂತ ಅವರು ಆಚರಿಸುವ ಹಬ್ಬ ಅದು. ಅದಕ್ಕೇ ಸೇಂಟ್ ಮೇರಿ ಎಂಬ ಹೆಸರು.

ಈಸ್ಟ್ ಇಂಡಿಯಾ ಕಂಪನಿಯ ಖಜಾನೆಯಿಂದ ದುಡ್ಡು ಬರಲಿಲ್ಲ. ಅಲ್ಲಿದ್ದವರೇ ಕೈಲಾದಷ್ಟು ಹಾಕಿದರು. ಒಟ್ಟು 805 ಪಗೋಡ. ಪಗೋಡ ಅಂದರೆ ಬೇರೇನಲ್ಲ, ನಮ್ಮ ವರಹ! ವಿಜಯನಗರದ ಕಾಲದಿಂದ ನಾವು ಕೈಯಲ್ಲಿ ಹಿಡಿದ ಅದೇ ಚಿನ್ನದ ನಾಣ್ಯಕ್ಕೆ ಪರಂಗಿಯವರು ಇಟ್ಟ ಹೆಸರು. ಮಾಸ್ಟರ್ 100 ವರಹ ಕೊಟ್ಟ. ಆಗಿನ್ನೂ ಕೆಳಗಿನ ನೌಕರನಾಗಿದ್ದ ಎಲಿಹು ಯೇಲ್ 15 ವರಹ ಕೊಟ್ಟ. 1680ರ ಅಕ್ಟೋಬರ್ 28ರಂದು ಚರ್ಚ್ ತೆರೆಯಿತು. ಮುಂದಿನ ವಾರವೇ, ನವೆಂಬರ್ 4ಕ್ಕೆ, ಇಲ್ಲಿ ನಡೆದ ಮೊದಲ ಮದುವೆ ಅದೇ ಯೇಲನದ್ದು. ಅವನು ಮುಂದೆ ಗವರ್ನರ್ ಆದ, ತುಂಬ ದುಡ್ಡು ಮಾಡಿದ. ಅವನ ಆಡಳಿತದಲ್ಲಿ ಈ ಬಂದರಿನಿಂದ ಗುಲಾಮರನ್ನು ಹಡಗು ಹತ್ತಿಸಿದ್ದೂ ಉಂಟು. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರು.

ಗೋಪುರ ಮೊದಲು ಇರಲಿಲ್ಲ. 1700 ದಾಟಿದ ಮೇಲೆ ಸೇರಿಸಿದರು. ಈಗ ಕಾಣುವ ಚೂಪು ತುದಿ ಇನ್ನೂ ಆಮೇಲಿನದು, ಆ ಶತಮಾನದ ಕೊನೆಯದು. ನೇರ ಹೇಳುತ್ತೇನೆ, ನನಗೆ ಅದು ಅಷ್ಟು ಹಿಡಿಸಲಿಲ್ಲ. ಕೆಳಗಿನ ಗಟ್ಟಿ ಮೈಗೂ ಮೇಲಿನ ಚೂಪಿಗೂ ಹೊಂದುವುದಿಲ್ಲ. ಒಳಗಿನ ಆ ಮೂರು ಕಮಾನು ನೋಡಿದ ಕಣ್ಣಿಗೆ ಗೋಪುರ ಬೇಕೂ ಅನ್ನಿಸುವುದಿಲ್ಲ.

ಗಾರೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆ ಸುಣ್ಣಕಲ್ಲು ಸುಡುತ್ತಾರೆ. ಮದ್ರಾಸಿನವರು ಸಮುದ್ರದ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಅದು ತುಂಬ ಶುದ್ಧ, ತುಂಬ ಬಿಳಿ. ಅಪ್ಪ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಮದ್ರಾಸಿನ ಮೇಸ್ತ್ರಿಗಳು ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ, ಮೊಸರು, ತುಪ್ಪ ಕೂಡ ಸೇರಿಸುತ್ತಿದ್ದರು. ಹದವಾಗಿ ಅರೆದು, ತೆಳ್ಳಗೆ ಬಳಿದು, ನುಣುಪು ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜಿದರೆ ಗೋಡೆ ಅಮೃತಶಿಲೆಯ ಹಾಗೆ ಹೊಳೆಯುತ್ತಿತ್ತು. ಇಂಗ್ಲೆಂಡಿನಿಂದ ಬಂದವರೆಲ್ಲ ಈ ಹೊಳಪನ್ನು ನೋಡಿ ಬೆರಗಾಗಿ ಬರೆದಿದ್ದಾರೆ. ಉಜ್ಜಿದವರ ಹೆಸರು ಯಾರೂ ಬರೆಯಲಿಲ್ಲ. ಯಾವ ಗವರ್ನರ್ ಎಷ್ಟು ವರಹ ಕೊಟ್ಟ ಅಂತ ಲೆಕ್ಕ ಇದೆ. ಆ ಕಮಾನಿನ ಕೆಳಗೆ ಸಾರುವೆ ಕಟ್ಟಿ ನಿಂತು, ತಲೆಯ ಮೇಲೆ 2 ಅಡಿ ಇಟ್ಟಿಗೆ ಕೂರಿಸಿದ ಕೈಗಳು ಯಾರವು? ನನಗೆ ಗೋಡೆ ಮುಟ್ಟಿದಾಗ ಅಪ್ಪನ ಕೈ ನೆನಪಾಯಿತು. ಸುಣ್ಣ ತಿಂದು ಬೆರಳ ತುದಿಗಳಲ್ಲಿ ಚರ್ಮ ಸುಲಿದಿರುತ್ತಿತ್ತು. ರಾತ್ರಿ ಅಮ್ಮ ಹರಳೆಣ್ಣೆ ಹಚ್ಚುತ್ತಿದ್ದರು.

ಚರ್ಚಿನ ಸುತ್ತ ಅಂಗಳಕ್ಕೆ ಕಲ್ಲು ಹಾಸಿದ್ದಾರೆ. ಮೊಮ್ಮಗ ಕುಂಟೆಬಿಲ್ಲೆ ಆಡುವ ಹಾಗೆ ಕಲ್ಲಿಂದ ಕಲ್ಲಿಗೆ ಹಾರುತ್ತಿದ್ದ. ಅಲ್ಲಿ ನೋಡಿಕೊಳ್ಳುವ ಹಿರಿಯರೊಬ್ಬರು ಬಂದು ಮೆಲ್ಲಗೆ ತಮಿಳಿನಲ್ಲಿ, "ತಂಬೀ, ಅದು ಸಮಾಧಿ ಕಲ್ಲಪ್ಪಾ" ಅಂದರು. ಹುಡುಗ ತಟ್ಟನೆ ನಿಂತ. ನಾನೂ ಕಾಲ ಕೆಳಗೆ ನೋಡಿಕೊಂಡೆ. ನೂರಕ್ಕೂ ಹೆಚ್ಚು ಕಲ್ಲುಗಳು. ಇಂಗ್ಲಿಷ್, ಲ್ಯಾಟಿನ್, ಪೋರ್ಚುಗೀಸ್, ಅರ್ಮೇನಿಯನ್. ಅಂಚಿಗೆ ಬಳ್ಳಿ, ಕುಲದ ಗುರುತು, ಕೆಲವದರಲ್ಲಿ ತಲೆಬುರುಡೆ. ಹಳೆಯದು 1652ರದ್ದು, ಎಲಿಜಬೆತ್ ಬೇಕರ್ ಎಂಬ ಹೆಂಗಸಿನದು. ಇಲ್ಲಿದ್ದ ಕಂಪನಿಯ ಮುಖ್ಯಸ್ಥ ಏರನ್ ಬೇಕರನ ಹೆಂಡತಿ.

ಆ ಕಲ್ಲುಗಳ ಕೆಳಗೆ ಯಾರೂ ಇಲ್ಲ. ಸತ್ತವರು ಮಲಗಿರುವುದು ಬೇರೆ ಕಡೆ, ಈಗಿನ ಹೈಕೋರ್ಟಿನ ಹತ್ತಿರ ಇದ್ದ ಹಳೆಯ ಸ್ಮಶಾನದಲ್ಲಿ. 1758ರ ಡಿಸೆಂಬರಿನಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಸೈನಿಕರು ಆ ಸ್ಮಶಾನದ ಕಟ್ಟೆಗಳ ಮರೆಯಲ್ಲಿ ನಿಂತು ಗುಂಡು ಹಾರಿಸಿದರು. ಮುತ್ತಿಗೆ ಮುಗಿದ ಮೇಲೆ ಇಂಗ್ಲಿಷರು ಕಟ್ಟೆಗಳನ್ನು ಒಡೆದರು. ಹೆಸರು ಕೆತ್ತಿದ ಕಲ್ಲುಗಳನ್ನು ಮಾತ್ರ ತಂದು ಚರ್ಚಿನ ಸುತ್ತ ಹಾಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. 1782ರಲ್ಲಿ ಅವೇ ಕಲ್ಲುಗಳನ್ನು ಮತ್ತೆ ಎಬ್ಬಿಸಿ ಕೋಟೆಯ ಗೋಡೆಯ ಮೇಲೆ ಫಿರಂಗಿ ಕೂರಿಸುವುದಕ್ಕೆ ಬಳಸಿದರು. ಯಾರ ಹೆದರಿಕೆಗೆ ಗೊತ್ತಾ? ನಮ್ಮ ಹೈದರಾಲಿಯ ಹೆದರಿಕೆಗೆ.

ಈ ಸಂಗತಿ ತಿಳಿದಾಗ ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ನಾನು ಹುಟ್ಟಿದ ಗಂಜಾಂನಿಂದ ದರಿಯಾ ದೌಲತ್‌ಗೆ ನಡೆದು ಹೋಗುವಷ್ಟು ದೂರ. ಅಲ್ಲಿನ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರ ಇದೆ. 1780ರ ಸೆಪ್ಟೆಂಬರಿನಲ್ಲಿ ಕಾಂಚಿಯ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಚಿತ್ರ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುವ ಬೇಲಿಯನ್ನು ನಾವು ಮಕ್ಕಳು ಹುಡುಕಿ ಹುಡುಕಿ ನೋಡುತ್ತಿದ್ದೆವು. ನದಿಯ ಪಕ್ಕ ಬೇಲಿಯ ಹೆಸರಿನ ಬಂದೀಖಾನೆಯಲ್ಲಿ ಕಣ್ಣಾಮುಚ್ಚಾಲೆ ಆಡಿದ್ದೇವೆ. ಅದೂ ಇಟ್ಟಿಗೆಯ ಕಮಾನು ಚಾವಣಿಯದೇ! ಅದೇ ಕಾಳಗದ ಸುದ್ದಿ ಈ ಕೋಟೆಗೆ ತಲುಪಿದಾಗ ಜನ ಹೇಗೆ ನಡುಗಿರಬೇಕು ಅಂತ ಐವತ್ತು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಅದಕ್ಕೂ ಮೊದಲು, 1769ರಲ್ಲಿ, ಹೈದರನ ಕುದುರೆಗಳು ಮದ್ರಾಸಿನ ಪಕ್ಕದ ಪರಂಗಿಮಲೆಯವರೆಗೆ ಬಂದು ನಿಂತಿದ್ದವು. ಕೋಟೆಯವರು ಅವನು ಹೇಳಿದಂತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ನಮ್ಮ ಊರಿನ ಗೋಡೆಯ ಚಿತ್ರ ಮತ್ತು ಈ ಅಂಗಳದ ಕಲ್ಲು, ಒಂದೇ ಕತೆಯ ಆಚೆ ಈಚೆ. ಒಂದು ಕಲ್ಲಿನ ಮೇಲೆ ಸವೆದ ಗುರುತಿತ್ತು. ಬಗ್ಗಿ ಬೆರಳಿಟ್ಟೆ. ಫಿರಂಗಿಯದೋ, ಇನ್ನೂರು ವರ್ಷದ ಮಳೆಯದೋ, ನೋಡಿ ಹೇಳುವಷ್ಟು ಕಲ್ಲಿನ ಕೆಲಸ ನನಗೆ ಬರುವುದಿಲ್ಲ.

ಮತ್ತೆ ಒಳಗೆ ಹೋದೆ. ಈ ಸಲ ಗೋಡೆಯ ಮೇಲಿನ ಹೆಸರುಗಳನ್ನು ಓದುವುದಕ್ಕೆ. ಆಗ ಕಂಡದ್ದನ್ನು ಹೇಳಬೇಕು ಅಂತಲೇ ಇಷ್ಟೆಲ್ಲ ಬರೆಯುತ್ತಿರುವುದು. ಶ್ರೀರಂಗಪಟ್ಟಣದ ದಾರಿ ತುಳಿದವರು ಈ ಗೋಡೆಗಳ ತುಂಬ ಇದ್ದಾರೆ.

ಮೊದಲನೆಯವರು ಶ್ವಾರ್ಟ್ಸ್ ಪಾದ್ರಿ. ಜರ್ಮನಿಯವರು, ತಂಜಾವೂರಿನಲ್ಲಿ ನೆಲೆಸಿದವರು, ತಮಿಳು ಚೆನ್ನಾಗಿ ಬಲ್ಲವರು. 1779ರಲ್ಲಿ ಮದ್ರಾಸಿನವರು ಹೈದರನ ಮನಸ್ಸು ತಿಳಿದು ಬನ್ನಿ ಅಂತ ಇವರನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದರು. ಕಂಪನಿಯ ಬೇರೆ ಯಾರನ್ನೂ ನಂಬುವುದಿಲ್ಲ, ಆ ಪಾದ್ರಿಯನ್ನು ಕಳಿಸಿ, ಅವರು ಮೋಸ ಮಾಡುವವರಲ್ಲ ಅಂತ ಹೈದರನೇ ಹೇಳಿದ ಎಂದು ಹೇಳುತ್ತಾರೆ. ಶ್ವಾರ್ಟ್ಸ್ ಬಂದರು. ದಾರಿಯುದ್ದಕ್ಕೂ ಹೈದರ್ ಸೇತುವೆ, ರಸ್ತೆ ಕೆಟ್ಟರೆ ತಡಮಾಡದೆ ಸರಿ ಮಾಡಿಸುವುದನ್ನು ನೋಡಿ ಮೆಚ್ಚಿ ಬರೆದರು. ಹೈದರನ ಸೈನ್ಯದಲ್ಲಿದ್ದ ಯುರೋಪಿನವರಿಗೆ, ತಮಿಳು ಕ್ರೈಸ್ತರಿಗೆ ಅಲ್ಲೇ ಪ್ರಾರ್ಥನೆ ನಡೆಸಿದರು. ಯಾರೂ ಬೇಡ ಅನ್ನಲಿಲ್ಲ. ಹೊರಡುವಾಗ ಹೈದರ್ ದಾರಿಯ ಖರ್ಚಿಗೆ ಕೊಟ್ಟ ದುಡ್ಡನ್ನು ತಮಗೆ ಇಟ್ಟುಕೊಳ್ಳದೆ, ತಂಜಾವೂರಿನ ಅನಾಥ ಮಕ್ಕಳ ಶಾಲೆಗೆ ಹಾಕಿದರು. ಸಂಧಾನ ಫಲಿಸಲಿಲ್ಲ, ಮರು ವರ್ಷವೇ ಯುದ್ಧ ಬಂತು. ಆದರೆ ಯುದ್ಧದ ನಡುವೆಯೂ ಈ ಪಾದ್ರಿಯನ್ನು ಎಲ್ಲೂ ತಡೆಯಬೇಡಿ ಅಂತ ಹೈದರ್ ತನ್ನವರಿಗೆ ಹೇಳಿದ್ದ. 1798ರಲ್ಲಿ ಅವರು ತೀರಿಕೊಂಡದ್ದು ತಂಜಾವೂರಿನಲ್ಲಿ. ಕಂಪನಿಯವರು ಇಂಗ್ಲೆಂಡಿನ ಶಿಲ್ಪಿ ಜಾನ್ ಬೇಕನ್ ಕೈಯಲ್ಲಿ ಅಮೃತಶಿಲೆಯ ಸ್ಮಾರಕ ಮಾಡಿಸಿ ಈ ಚರ್ಚಿನಲ್ಲಿ ನಿಲ್ಲಿಸಿದರು. ಕೊನೆಯುಸಿರು ಎಳೆಯುತ್ತಿರುವ ಮುದುಕ, ಸುತ್ತ ಮಕ್ಕಳು. ನಾನು ಅದರ ಮುಂದೆ ತುಂಬ ಹೊತ್ತು ನಿಂತೆ.

ಎರಡನೆಯವನು ಜೋಸೈಯಾ ವೆಬ್. ಈ ಹೆಸರು ಓದಿದ ಕೂಡಲೇ, ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಶ್ರೀರಂಗಪಟ್ಟಣದ ಊರಾಚೆ ಒಂದು ಎತ್ತರದ ಕಂಬ ಇದೆ. ಅಪ್ಪ ಕೆಲಸಕ್ಕೆ ಹೋಗುವಾಗ ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು, "ನೋಡು, ಪೂರ್ಣಯ್ಯನವರು ಕಟ್ಟಿಸಿದ್ದು" ಅಂತ ತೋರಿಸುತ್ತಿದ್ದರು. ಯಾರಿಗಾಗಿ ಕಟ್ಟಿಸಿದ್ದು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ವೆಬ್‌ಗಾಗಿ! ಮದ್ರಾಸ್ ಸರ್ಕಾರದ ಕಾರ್ಯದರ್ಶಿಯಾಗಿದ್ದವನು. 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ, ಟಿಪ್ಪುವಿನ ಮೇಲೆ ಯುದ್ಧಕ್ಕೆ ಸಜ್ಜಾಗಿ ಅಂದಾಗ, ಬೇಡ, ದುಡ್ಡಿಲ್ಲ, ಸೈನ್ಯ ಸಿದ್ಧವಿಲ್ಲ ಅಂತ ಬರೆದು ತಿಳಿಸಿದವನು. ಆಮೇಲೆ ಮೈಸೂರಿಗೆ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿ ಬಂದ. ದಿವಾನ್ ಪೂರ್ಣಯ್ಯನವರಿಗೆ ಅವನ ಮೇಲೆ ನಿಜವಾದ ವಿಶ್ವಾಸ ಬೆಳೆಯಿತು. 1804ರಲ್ಲಿ ಅವನು ಸತ್ತಾಗ ಅಲ್ಲಿ ಪೂರ್ಣಯ್ಯನವರು ಕಂಬ ನಿಲ್ಲಿಸಿದರು, ಇಲ್ಲಿ ಜಾನ್ ಫ್ಲಾಕ್ಸ್‌ಮನ್ ಎಂಬ ದೊಡ್ಡ ಶಿಲ್ಪಿ ಸ್ಮಾರಕ ಕೆತ್ತಿದ. ಒಬ್ಬನೇ ಮನುಷ್ಯನಿಗೆ ಎರಡು ಕಡೆ ಕಲ್ಲು. ಒಂದನ್ನು ಏಳನೇ ವಯಸ್ಸಿನಲ್ಲಿ ನೋಡಿದ್ದೆ, ಇನ್ನೊಂದನ್ನು ಅರವತ್ತಾರಕ್ಕೆ ನೋಡಿದೆ.

ಮೂರನೆಯವರನ್ನು ನಮ್ಮಲ್ಲಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಥಾಮಸ್ ಮನ್ರೋ. ಅಮ್ಮ ಗುರುವಾರದ ಪೂಜೆ ಮುಗಿಸಿ ಹೇಳುತ್ತಿದ್ದ ಕತೆ ನೆನಪಿದೆ. ಮಂತ್ರಾಲಯದ ಜಮೀನಿನ ವಿಚಾರಣೆಗೆ ಬಂದ ಮನ್ರೋ ದೊರೆ ಟೋಪಿ, ಬೂಟು ಬಿಚ್ಚಿ ಒಳಗೆ ಹೋದರಂತೆ. ಬೃಂದಾವನದಿಂದ ರಾಯರೇ ಎದ್ದು ಬಂದು ಮಾತಾಡಿದರಂತೆ, ದೊರೆಗೆ ಮಾತ್ರ ಕಂಡರಂತೆ. ಟಿಪ್ಪು ಸತ್ತ ಮೇಲೆ 1799ರಲ್ಲಿ ನಮ್ಮ ಕರಾವಳಿಗೆ ಮೊದಲ ಕಲೆಕ್ಟರ್ ಆಗಿ ಬಂದವರು ಇವರೇ. ಆಮೇಲೆ ಏಳು ವರ್ಷ ಬಳ್ಳಾರಿ, ಅನಂತಪುರ, ಕಡಪದ ಕಡೆ ಹಳ್ಳಿ ಹಳ್ಳಿಗೆ ಕುದುರೆ ಮೇಲೆ ತಿರುಗಿ, ಮಧ್ಯವರ್ತಿ ಇಲ್ಲದೆ ರೈತನ ಹೆಸರಿಗೇ ಕಂದಾಯ ಕಟ್ಟುವ ರೈತವಾರಿ ಪದ್ಧತಿ ಕೂರಿಸಿದರು. ಮದ್ರಾಸಿನ ಗವರ್ನರ್ ಆದರು. ಊರಿಗೆ ಮರಳುವ ಮೊದಲು ಹಳೆಯ ಸೀಮೆಯನ್ನು ಒಮ್ಮೆ ನೋಡಿ ಬರುತ್ತೇನೆ ಅಂತ ಹೊರಟವರು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿದರು. ನಾಲ್ಕು ವರ್ಷದ ಮೇಲೆ ಅಲ್ಲಿಂದ ತೆಗೆದು ಇಲ್ಲಿಗೆ ತಂದರು. ಅಮ್ಮ ಅಷ್ಟು ಸಲ ಹೇಳಿದ ಮನ್ರೋ ದೊರೆ ಇಲ್ಲಿ, ಈ ಕಮಾನಿನ ಕೆಳಗೆ ಮಲಗಿದ್ದಾರೆ. ಕೈ ತಾನಾಗಿ ಮುಗಿಯಿತು. ಪಕ್ಕದಲ್ಲಿ ಮೊಮ್ಮಗನೂ ಮುಗಿದ.

ಬೇರೆಯವೂ ಬೇಕಾದಷ್ಟಿವೆ. ರಾಬರ್ಟ್ ಕ್ಲೈವ್ ಮದುವೆಯಾದದ್ದು ಇಲ್ಲಿ, 1753ರ ಫೆಬ್ರವರಿ 18ರಂದು. ಬಂದವರೆಲ್ಲ ಅದನ್ನೇ ಮೊದಲು ಕೇಳುತ್ತಾರಂತೆ. ಬಲಿಪೀಠದ ಹಿಂದೆ ಯೇಸುವಿನ ಕೊನೆಯ ಊಟದ ದೊಡ್ಡ ಚಿತ್ರ ಇದೆ. 1761ರಲ್ಲಿ ಪಾಂಡಿಚೇರಿ ಗೆದ್ದಾಗ ತಂದದ್ದು ಅಂತ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಪ್ಪು ಕಲ್ಲಿನ ಬೋಗುಣಿ. ಪಲ್ಲಾವರಂ ಬೆಟ್ಟದ ಕಲ್ಲು. ಕಲ್ಕತ್ತೆಯಲ್ಲಿ ಇಂಗ್ಲಿಷರ ನೆಲೆ ಊರಿದ ಜಾಬ್ ಚಾರ್ನಾಕ್ ತನ್ನ ಮೂರು ಹೆಣ್ಣುಮಕ್ಕಳಿಗೆ 1689ರಲ್ಲಿ ಈ ಚರ್ಚಿನಲ್ಲೇ ಸ್ನಾನ ಮಾಡಿಸಿದ. ಅವನ ಸಮಾಧಿಯ ಕಲ್ಲೂ ಇಂಥದೇ. ಅದರಿಂದಲೇ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಈ ಜಾತಿಯ ಕಲ್ಲಿಗೆ ಚಾರ್ನೋಕೈಟ್ ಅಂತ ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟವೂ ಹೆಚ್ಚಾಗಿ ಅದೇ ಕಲ್ಲು.

ಇನ್ನೊಂದು ಮಾತು, ಮರದ್ದು. ಈ ಚರ್ಚಿಗೆ ಮರ ಬೇಡ ಅಂದ ಇಂಗ್ಲಿಷರೇ ಸುಮಾರು ನೂರೈವತ್ತು ವರ್ಷದ ಮೇಲೆ ಊಟಿಯಲ್ಲಿ ಸೇಂಟ್ ಸ್ಟೀಫನ್ ಚರ್ಚ್ ಕಟ್ಟುವಾಗ ತೊಲೆಗಳನ್ನು ನಮ್ಮೂರಿನಿಂದ ತೆಗೆದುಕೊಂಡು ಹೋದರು. ಟಿಪ್ಪುವಿನ ಲಾಲ್ ಮಹಲ್ ಅರಮನೆ ಬಿಚ್ಚಿ ಬೆಟ್ಟ ಹತ್ತಿಸಿದ ತೊಲೆಗಳು ಅವು. 1829ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಅರಮನೆ ಇದ್ದ ಜಾಗದಲ್ಲಿ ಈಗ ಬರೀ ಅಡಿಪಾಯ. ಮರ ಹಾಗೆಯೇ ಅಲ್ವಾ, ಬಿಚ್ಚಬಹುದು, ಹೊರಬಹುದು. ಇಟ್ಟಿಗೆ ಕಮಾನನ್ನು ಯಾರೂ ಹೊತ್ತುಕೊಂಡು ಹೋಗಲಾಗುವುದಿಲ್ಲ. 1746ರಲ್ಲಿ ಫ್ರೆಂಚರು ಮದ್ರಾಸನ್ನು ಹಿಡಿದು ಮೂರು ವರ್ಷ ಇಟ್ಟುಕೊಂಡರು. ಲಾಲಿಯ ಗುಂಡು ಕೋಟೆಯೊಳಗಿನ ಮನೆಗಳನ್ನೆಲ್ಲ ಜರ್ಜರಿತ ಮಾಡಿತು. ಈ ಮೂರು ಕಮಾನುಗಳು ಹಾಗೇ ನಿಂತವು.

1947ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಆಂಗ್ಲಿಕನರು, ಮೆಥಡಿಸ್ಟರು ಮತ್ತೆ ಕೆಲವು ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ಸೇಂಟ್ ಮೇರಿಯೂ ಅದಕ್ಕೇ ಸೇರಿತು. ನಾವು ಹೋದ ದಿನ ಒಬ್ಬ ಹುಡುಗಿ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಕೊರಳಲ್ಲಿ ಆಫೀಸಿನ ಗುರುತಿನ ಪಟ್ಟಿ. ಮಡಿಲಲ್ಲಿ ಊಟದ ಡಬ್ಬಿ. ನಾವು ಓಡಾಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮನೆಗೆ ಬಂದ ಮೇಲೆ ಮೊಮ್ಮಗನ ಗಣಿತದ ಪುಸ್ತಕದಿಂದ ಚೌಕಳಿ ಹಾಳೆ ಕಿತ್ತುಕೊಂಡೆ. ಒಂದು ಚೌಕಕ್ಕೆ ಒಂದು ಅಡಿ. ಚರ್ಚನ್ನು ಅಡ್ಡಕ್ಕೆ ಕೊಯ್ದರೆ ಹೇಗೆ ಕಾಣುತ್ತದೋ ಹಾಗೆ ಬರೆದೆ. ನಾಲ್ಕು ಗೋಡೆ, ಮೂರು ಕಮಾನು. ಕೈ ಸ್ವಲ್ಪ ನಡುಗುತ್ತದೆ ಈಗ, ಕಮಾನು ನನಗೆ ಬೇಕಾದಷ್ಟು ದುಂಡಗೆ ಬರಲಿಲ್ಲ. ಹುಡುಗ ಇಟ್ಟಿಗೆಗೆಲ್ಲ ಕೆಂಪು ತುಂಬಿದ. ಆಮೇಲೆ ಅವನೇ ಎರಡು ಹೊರಗೋಡೆಯ ಪಕ್ಕ ಒಂದೊಂದು ಕಾಲು ಬರೆದ. ಒಂದರ ಮೇಲೆ "ಅಜ್ಜಿ" ಅಂತ ಬರೆದ, ಇನ್ನೊಂದರ ಮೇಲೆ "ಬೆಂಚು" ಅಂತ.

ಊರಿಗೆ ಬಂದು ತಿಂಗಳಾಯಿತು. ಬರುವ ದಸರಾ ರಜೆಗೆ ಅವನು ಇಲ್ಲಿಗೆ ಬರುತ್ತಾನೆ. ವೆಬ್ ಕಂಬದ ಹತ್ತಿರ ಕರೆದುಕೊಂಡು ಹೋಗಬೇಕು.